ಒಂದೇ ಅಳತೆಯ ಎರಡು ತೋಳು

"ಈ ಮಗೂಗೆ ಹಾಕಾಗಿದೆ," ಎಂದ ಆರೋಗ್ಯ ಕೇಂದ್ರದ ಗುಮಾಸ್ತ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

"ಹಾಕಿಲ್ಲ," ಎಂದಳು ಟೈಲರಕ್ಕ. "ಹಾಕಿದ್ದು ಇದರ ಅಕ್ಕನಿಗೆ."

"ಹಾಕಾಗಿದೆ ಅಂತ ಇಲ್ಲಿದೆ."

ಕಂಪ್ಯೂಟರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಆಸಾಮಿ ಅವನು. ಟೈಲರಕ್ಕ ಮನೆಯಿಂದ ತಂದ ಕಾರ್ಡು ಬಿಡಿಸಿ, ದಡಾರದ ಚುಚ್ಚುಮದ್ದಿನ ಸಾಲು ಖಾಲಿಯಿರುವುದನ್ನು ತೋರಿಸಿದಳು. "ಬರೆಯೋಕೆ ಮರೆತಿದ್ದಾರೆ," ಎಂದವನೇ ತಾನೇ ಪೆನ್ನು ತೆಗೆದು ಆ ಜಾಗ ತುಂಬಿ, ಮೊಹರು ಒತ್ತಿ ವಾಪಸ್ಸು ಕೊಟ್ಟ. ಅವಳ ಸೊಂಟದ ಮೇಲಿದ್ದ ಸಣ್ಣಪುಟ್ಟಿ ಮೊಹರಿನ ಸದ್ದಿಗೆ ಕಿಲಕಿಲ ನಕ್ಕಿತು.

ವಿಷಯ ಇಷ್ಟೇ. ಟೈಲರಕ್ಕನಿಗೆ ಅವಳಿ ಹೆಣ್ಣುಮಕ್ಕಳು, ದೊಡ್ಡಪುಟ್ಟಿ ಮತ್ತು ಸಣ್ಣಪುಟ್ಟಿ. ದಡಾರದ ಲಸಿಕೆಯ ದಿನ ಸಣ್ಣದರ ಮೈ ಕೆಂಡದ ಹಾಗೆ ಸುಡುತ್ತಿತ್ತು. ಆಗಿದ್ದ ನರ್ಸಮ್ಮ ದೊಡ್ಡದಕ್ಕೆ ಮಾತ್ರ ಚುಚ್ಚಿ, "ಜ್ವರ ಬಿಟ್ಟ ಮೇಲೆ ಇದನ್ನ ಕರ್ಕೊಂಡು ಬಾ," ಎಂದು ಕಳಿಸಿ, ಆಮೇಲೆ ವರ್ಗವಾಗಿ ಹೋದಳು. ಅಷ್ಟರಲ್ಲಿ ಮೇಲಿನಿಂದ ಆಜ್ಞೆ ಬಂತು: ದಾಖಲೆಯಲ್ಲಿ ಒಂದೇ ಮಗು ಎರಡೆರಡು ಕಡೆ ಸೇರಿಕೊಂಡಿದೆ, ಶುದ್ಧ ಮಾಡಿ. ಗುಮಾಸ್ತ ಶುದ್ಧ ಮಾಡಲು ಕೂತ. ಅದೇ ತಾಯಿ, ಅದೇ ಹುಟ್ಟಿದ ದಿನ, ಅದೇ ಮನೆ ನಂಬರು. ಹೆಸರಿಡುವ ಮೊದಲೇ ಬರೆಸಿದ್ದರಿಂದ ಎರಡು ಕಡೆಯೂ 'ಹೆಣ್ಣು ಮಗು' ಎಂದೇ ಇತ್ತು. ಒಂದನ್ನು ಅಳಿಸಿದ. ನೆಗಡಿ ಬಂತೆಂದು ಮೂಗು ಕೊಯ್ದರಂತೆ, ಅಂಥ ಶುದ್ಧ.

ಮನೆಯಲ್ಲಿ ಅತ್ತೆಗೂ ಮಕ್ಕಳ ಗುರುತು ಸರಿಯಾಗಿ ಹತ್ತುವುದಿಲ್ಲ. ಒಂದಕ್ಕೇ ಎರಡು ಸಲ ತಿನ್ನಿಸಿ ಕೂತುಬಿಡುತ್ತಾಳೆ. ಹಸಿದದ್ದು ಸೂರು ಹಾರುವ ಹಾಗೆ ಅತ್ತಾಗ, "ಅಯ್ಯೋ, ನಿಂದು ಬಾಕಿನಾ?" ಎಂದು ಮತ್ತೆ ಬಟ್ಟಲು ಹಿಡಿಯುತ್ತಾಳೆ. ಲಸಿಕೆ ತಪ್ಪಿದ ಮಗು ಅಳುವುದಿಲ್ಲ. ಚುಚ್ಚಲಿಲ್ಲವೆಂದು ಖುಷಿಯಾಗೇ ಇರುತ್ತದೆ.

ಆ ಕಾರ್ಡು ನೋಡಿ ಅತ್ತೆ, "ಓದಿದವರು ಹಾಕಿದೆ ಅಂತಿದ್ದಾರೆ, ನಿಂಗೇ ಮರೆತಿರಬೇಕು, ಸುಮ್ಮನಿರೇ," ಎಂದಳು. ಒಂದು ಗಳಿಗೆ ಟೈಲರಕ್ಕನಿಗೂ ಅನುಮಾನ ಬಂತು. ಮರುಗಳಿಗೆಯೇ ಸಿಟ್ಟು ನೆತ್ತಿಗೇರಿತು. ಪಕ್ಕದ ಬೀದಿಗೆ ದಡಾರ ಬಂದು ಕೂತಿದೆ, ಇಲ್ಲಿ ಹೆತ್ತ ತಾಯಿಗೇ ತನ್ನ ಮಗುವಿನ ಮೇಲೆ ಅನುಮಾನ ಹುಟ್ಟಿಸುತ್ತಾರಲ್ಲ, ಇವರ ಮನೆ ಹಾಳಾಗ! ಅರ್ಧ ಹೊಲಿದ ಕಾಲರನ್ನು ಮಿಷನ್ನಿನಲ್ಲೇ ಬಿಟ್ಟು ಅವಳು ಎದ್ದಳು.

ಅಂದು ಕೇಂದ್ರಕ್ಕೆ ಡಾಕ್ಟರು ಬಂದಿದ್ದರು. ಅವಳು ಗುಮಾಸ್ತನ ಕಿಟಕಿಯತ್ತ ತಿರುಗಿಯೂ ನೋಡದೆ ನೇರ ಒಳಗೆ ನುಗ್ಗಿ, ಎರಡೂ ಮಕ್ಕಳನ್ನು ಡಾಕ್ಟರ ಮೇಜಿನ ಮೇಲೆ ಕೂರಿಸಿದಳು.

"ಇದರಲ್ಲಿ ಒಂದು ನಿಮ್ಮ ಲೆಕ್ಕದಲ್ಲಿ ಇಲ್ಲವಂತೆ. ಯಾವುದು ಅಂತ ಹೇಳಿ. ಅದನ್ನ ಇಲ್ಲೇ ಬಿಟ್ಟು ಹೋಗ್ತೀನಿ."

ಗುಮಾಸ್ತ ಹಿಂದೆಯೇ ಓಡಿಬಂದ. "ಸಾರ್, ದಿನ, ಮನೆ, ತಾಯಿ, ಎಲ್ಲಾ ಒಂದೇ ಇತ್ತು. ಒಂದು ಹೆಚ್ಚಾಗಿದೆ ಅನ್ಕೊಂಡೆ."

"ಒಂದೇ ಅಳತೇಲಿ ಅಂಗಿಗೆ ಎರಡು ತೋಳು ಹೊಲಿತೀನಪ್ಪ ನಾನು. ಒಂದು ಹೆಚ್ಚಾಯ್ತು ಅಂತ ಕತ್ತರಿಸಿ ಎಸೀತೀನಾ?"

ಡಾಕ್ಟರು ಮೊಹರು ಬಿದ್ದ ಕಾರ್ಡು ನೋಡಿದರು, ಗುಮಾಸ್ತನ ಮುಖ ನೋಡಿದರು. "ಮೊದಲು ಮಗುಗೆ ಹಾಕಿ," ಎಂದರು ಹೊಸ ನರ್ಸಿಗೆ. ಸಣ್ಣಪುಟ್ಟಿ ಕಿರುಚಿ ಅತ್ತಿತು. ಅದು ಅಳುವುದನ್ನು ನೋಡಿ ದೊಡ್ಡಪುಟ್ಟಿಯೂ ಶುರುಮಾಡಿತು. ಆ ಗಲಾಟೆ ಕೇಳುತ್ತ ಟೈಲರಕ್ಕನ ಎದೆ ಹಗುರಾಯಿತು.

ಗುಮಾಸ್ತ ಬರೆದುಕೊಳ್ಳಲು ಹೋದರೆ ಕಂಪ್ಯೂಟರು ಒಪ್ಪಲಿಲ್ಲ. ಈ ಮಗು ಆಗಲೇ ಇದೆ ಎಂದಿತು. "ಹುಟ್ಟಿದ ದಿನ ಒಂದಿನ ಆಚೀಚೆ ಮಾಡಿದ್ರೆ ತಗೊಳುತ್ತೆ," ಎಂದು ಗೊಣಗಿದ.

"ಇವತ್ತೊಂದು ಹೆತ್ತು, ನಾಳೆಗೊಂದು ಬಾಕಿ ಇಟ್ಕೊಂಡಿದ್ನಾ ನಾನು?"

"ಸುಳ್ಳು ಬರೀಬೇಡ," ಎಂದರು ಡಾಕ್ಟರು. "ಅಳಿಸಿದ್ದನ್ನೇ ವಾಪಸ್ ತೆಗಿ."

ಅವನು ಹುಡುಕಿ, ತಡಕಾಡಿ, ಕೊನೆಗೂ ತೆಗೆದ. "ಆಯ್ತಲ್ಲಮ್ಮ, ನಿಮ್ಮ ಕೆಲಸ ಮುಗೀತು. ಹೊರಡಿ."

ಅವಳು ಒಂದೊಂದು ಕಂಕುಳಿಗೆ ಒಂದೊಂದನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವಳು ನಿಂತಳು. ಅವಳಿ ಮಕ್ಕಳಿಗೆ ಒಂದೇ ಬಟ್ಟೆಯಲ್ಲಿ ಜೋಡಿ ಹೊಲಿಸಿಕೊಂಡವರೆಲ್ಲ ನೆನಪಾದರು.

"ಬೇಕರಿಯವರ ಮನೇಲಿ ಎಷ್ಟು ಮಕ್ಕಳಿದ್ದಾರೆ, ನೋಡಿ."

"ಒಬ್ಬ ಮಗ."

"ಇಬ್ಬರು. ಮೊನ್ನೆ ಮೊನ್ನೆ ಇಬ್ಬರಿಗೂ ಅಂಗಿ ಹೊಲಿದುಕೊಟ್ಟಿದ್ದೀನಿ. ಆಟೋ ಡ್ರೈವರ್ ಮನೇಲಿ?"

"ಒಂದು ಹೆಣ್ಣು."

"ಅಲ್ಲೂ ಎರಡು."

ಡಾಕ್ಟರು ಕುರ್ಚಿಯಿಂದ ಎದ್ದರು. "ಎಷ್ಟು ಮಕ್ಕಳನ್ನ ಹೀಗೆ ಅಳಿಸಿದ್ದೀಯಾ?"

"ತಪ್ಪೇ ಇಲ್ಲದ ದಾಖಲೆ ಅಂತ ಮೇಲಿನಿಂದ ಶಹಬ್ಬಾಸ್ ಬಂತು ಸಾರ್," ಎಂದ ಗುಮಾಸ್ತ.

ನರ್ಸು ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಬೇಕರಿಯವರ ಮಗ ನಿನ್ನೆಯಿಂದ ದೊಡ್ಡಾಸ್ಪತ್ರೆಲಿದ್ದಾನೆ. ದಡಾರ. ಉಸಿರಾಡೋಕೂ ಕಷ್ಟಪಡ್ತಿದ್ದಾನೆ."

"ಅದು ಹೇಗೆ?" ಎಂದ ಗುಮಾಸ್ತ, ಮತ್ತೆ ಕಂಪ್ಯೂಟರಿನತ್ತ ಬಗ್ಗಿ. "ಅವನಿಗೆ ಹಾಕಾಗಿದೆಯಲ್ಲ."

ಟೈಲರಕ್ಕ ಈಗ ಕೂಗಲಿಲ್ಲ. ಕೂಗುವಷ್ಟು ಚಿಕ್ಕ ಸಿಟ್ಟಾಗಿ ಅದು ಉಳಿದಿರಲಿಲ್ಲ.

"ಹಾಕಿರೋ ಹುಡುಗ ಬೇಕರಿ ಮೆಟ್ಟಿಲ ಮೇಲೆ ಆಡ್ತಾ ಕೂತಿದ್ದಾನೆ, ಬರ್ತಾ ನೋಡ್ಕೊಂಡೇ ಬಂದೆ. ನಿಮ್ಮ ಲೆಕ್ಕದಲ್ಲಿ ಇರೋದು ಒಬ್ಬನೇ," ಎಂದಳು. "ಹಾಗಾದ್ರೆ ಆಸ್ಪತ್ರೆಲಿ ಮಲಗಿರೋದು ಯಾರಪ್ಪ?"