ಹಿಂದಕ್ಕೆ ಹತ್ತುವ ಹಡಗು

ನಕ್ಷೆ ಊಟದ ಮೇಜಿಗಿಂತ ದೊಡ್ಡದಾಗಿತ್ತು. ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟು ಅದನ್ನು ಹರಡಿಕೊಂಡು, ಡ್ರೈವರಣ್ಣ ಬೆರಳೂರಿ ಹೇಳಿದ: "ನೋಡೋ ಕಂಡಕ್ಟರ, ಇದು ಮೊದಲನೇ ಗಡಿ. ಇಲ್ಲಿ ಡೀಸೆಲ್ ತುಂಬಿಸ್ಕೊಂಡ್ರೆ ಸೀದಾ ಬಂದರಿಗೇ."

ಅವನ ಬೆರಳು ಇದ್ದದ್ದು ಸಮುದ್ರದ ನಟ್ಟನಡುವೆ.

ನಾನು ಅವನ ಮಣಿಕಟ್ಟು ಹಿಡಿದು, ತಮಾಷೆಗೆ ಅನ್ನುವ ಹಾಗೆ ಒಂದು ಗೇಣು ಮೇಲಕ್ಕೆ ಸರಿಸಿದೆ. "ಅವಸರ ಯಾಕಣ್ಣ, ಮೊದಲು ನೆಲ ಮುಗೀಲಿ" ಅಂದೆ. ಅವನು ಹೊಟ್ಟೆ ಕುಲುಕಿಸಿಕೊಂಡು ನಕ್ಕ. ಅವನ ಮೊಮ್ಮಗಳೂ ನಕ್ಕಳು. ಒಂಬತ್ತು ವರ್ಷದ ಅವಳಿಗೆ ನಾನಿಟ್ಟ ಹೆಸರು ಅರ್ಧಟಿಕೆಟ್. ಅತ್ತಿಗೆ, ಅಂದರೆ ಅವನ ಹೆಂಡತಿ, ಮಾತ್ರ ನಗಲಿಲ್ಲ. ಅವಳು ನನ್ನ ಕೈ ಅವನ ಮಣಿಕಟ್ಟಿನ ಮೇಲೆ ಇದ್ದದ್ದನ್ನೇ ನೋಡುತ್ತಿದ್ದಳು.

ಮೂವತ್ತೊಂದು ವರ್ಷ ಅವನು ಬಸ್ಸು ಓಡಿಸಿದ. ಅದರಲ್ಲಿ ಇಪ್ಪತ್ತಾರು ವರ್ಷ ಆ ಬಸ್ಸಿನ ಹಿಂಬಾಗಿಲಿಗೆ ನಾನು ನೇತುಬಿದ್ದಿದ್ದೆ. ಅರವತ್ತೆರಡು ಕಿಲೋಮೀಟರ್ ಹೋಗುವುದು, ಅರವತ್ತೆರಡು ಬರುವುದು. ಒಂದು ವಿಶಲ್ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ನಮ್ಮಿಬ್ಬರ ಜೀವನದ ಮಾತುಕತೆಯೆಲ್ಲ ಹೆಚ್ಚೂಕಡಿಮೆ ಇಷ್ಟೇ. "ಕೊನೇ ಸ್ಟಾಪಿನಿಂದ ಆಚೆಗೂ ರಸ್ತೆ ಹೋಗ್ತಿತ್ತು ಕಣೋ. ದಿನಾ ಅಲ್ಲಿಂದ್ಲೇ ತಿರುಗಿಸ್ಕೊಂಡು ಬಂದೆ" ಅಂತ ಅವನಿಗೊಂದು ಕೊರಗು. ನಿವೃತ್ತನಾದ ಮೇಲೆ ಹಳೇ ವ್ಯಾನೊಂದನ್ನು ಕೊಂಡು, ಹಿಂದೆ ಮಂಚ ಹಾಕಿಸಿ, ಮಾರ್ಗ ಹಾಕತೊಡಗಿದ. ಮೂರು ದೇಶ, ಏಳು ಸಾವಿರ ಕಿಲೋಮೀಟರ್, ನಡುವೆ ವ್ಯಾನನ್ನೂ ಹಡಗಿಗೆ ಹತ್ತಿಸಿಕೊಂಡು ಹದಿನಾಲ್ಕು ಗಂಟೆಯ ಸಮುದ್ರ. ಹೊರಡುವವರು ನಾಲ್ಕು ಜನ: ಅವನು, ಅತ್ತಿಗೆ, ಅರ್ಧಟಿಕೆಟ್, ನಾನು.

ಈಗ ನಿಜ ಹೇಳಿಬಿಡುತ್ತೇನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕುರುಡನಲ್ಲ, ಹಾಗಾಗಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಬದಿಗಳು ಕಾಣುತ್ತವೆ, ನಡು ಕಾಣುವುದಿಲ್ಲ. ಎದುರು ನಿಂತವರ ಕಿವಿಗಳು ಕಾಣುತ್ತವೆ, ಮೂಗು ಇರುವ ಕಡೆ ಮಬ್ಬು. ಇದು ಶುರುವಾದದ್ದು ನೌಕರಿಯ ಕೊನೆಯ ಮೂರು ವರ್ಷದಲ್ಲಿ. ಆಗ ನಾನು ಹಿಂಬಾಗಿಲು ಬಿಟ್ಟು ಮುಂದೆ ಅವನ ಪಕ್ಕಕ್ಕೆ ಬಂದು ನಿಂತೆ. "ಹಿಂದೆ ಟಿಕೆಟ್ ಕೊಡೋರು ಯಾರ್ರೀ?" ಅಂತ ಜನ ಬೈದರು, ಬೈಸಿಕೊಂಡೆ. ನಾನು ಡ್ಯಾಶ್‌ಬೋರ್ಡ್ ತಟ್ಟುತ್ತಿದ್ದೆ. ಒಂದು ತಟ್ಟಿದರೆ ಬ್ರೇಕು, ಎರಡು ತಟ್ಟಿದರೆ ದಾರಿ ಖಾಲಿ. ಕಣ್ಣಿನ ಪರೀಕ್ಷೆಯ ದಿನ ಮೊದಲು ನಾನು ಒಳಗೆ ಹೋಗಿ, ಹಲಗೆಯ ಮೇಲಿನ ಅಕ್ಷರಗಳನ್ನು ಟಿಕೆಟಿನ ಬೆನ್ನಿಗೆ ಬರೆದುಕೊಂಡು ಬಂದು, ಡಿಪೋ ಗೋಡೆಯ ಮರೆಯಲ್ಲಿ ಅವನಿಗೆ ಮಗ್ಗಿ ಹೇಳಿಸಿದ ಹಾಗೆ ಬಾಯಿಪಾಠ ಮಾಡಿಸಿದೆ. ಪಾಸಾದ. ಇಬ್ಬರೂ ಚಹಾ ಕುಡಿದೆವು. ಸ್ನೇಹ ಅಂದರೆ ಇದೇ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು.

ಕೊನೆಯ ವರ್ಷ, ಒಂದು ಸಂಜೆ ಕತ್ತಲಾಗುವ ಹೊತ್ತಿಗೆ, ಇಟ್ಟಿಗೆ ಗೂಡಿನ ತಿರುವಿನಲ್ಲಿ ನಾನು ಅವನ ಪಕ್ಕ ಬಿಟ್ಟು ಹಿಂದೆ ಹೋಗಿ ಯಾರಿಗೋ ಟಿಕೆಟ್ ಹರಿಯುತ್ತಿದ್ದೆ. ಬಸ್ಸಿಗೆ ಏನೋ ತಾಗಿತು. ಅವನು ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ, "ಏನು ತಾಗಿತು?" ಅಂತ ಕೇಳಿದ. ನಾನು ಇಳಿದು ನೋಡಿದೆ. ಚಕ್ರದ ಕೆಳಗೆ ಸೈಕಲ್ಲೊಂದು ನುಗ್ಗಾಗಿತ್ತು. ಪಕ್ಕದ ಚರಂಡಿಯಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ. ಸೈಕಲ್ಲನ್ನು ಎಳೆದು ಹಾಕಿದೆ. "ಮೂಟೆ ಅಣ್ಣ, ಯಾರದೋ ಹುಲ್ಲಿನ ಮೂಟೆ" ಅಂದೆ. ಎರಡು ವಿಶಲ್ ಊದಿದೆ.

ಆ ವರ್ಷವೇ ಅವನಿಗೆ ಅಪಘಾತವಿಲ್ಲದ ಸೇವೆಗಾಗಿ ಪದಕ ಕೊಟ್ಟರು. ಅದು ಈಗ ನಕ್ಷೆಯ ಎದುರಿನ ಗೋಡೆಯ ಮೇಲಿದೆ. ನಾನು ಒಮ್ಮೆ ಧೈರ್ಯ ಮಾಡಿ, "ಅಣ್ಣ, ಇನ್ನು ಗಾಡಿ ಸಾಕು" ಅಂದಾಗ ಅವನು ಆ ಪದಕದ ಕಡೆ ಕೈ ತೋರಿಸಿದ. "ಮೂವತ್ತೊಂದು ವರ್ಷ, ಒಂದು ಕೋಳಿಗೂ ತಾಗಿಸಿಲ್ಲ. ಬೇರೆಯವರು ಬೇಡ, ನೀನೇ ಸಾಕ್ಷಿ ತಾನೇ?" ಅವನನ್ನು ತಡೆಯಬೇಕಾದರೆ ಆ ಮೂಟೆಯನ್ನು ಬಿಚ್ಚಬೇಕಿತ್ತು. ಅದಕ್ಕಿಂತ ಅವನ ಪಕ್ಕದಲ್ಲಿ ಕೂತು ಏಳು ಸಾವಿರ ಕಿಲೋಮೀಟರ್ ತಟ್ಟುವುದೇ ಸುಲಭ ಅನ್ನಿಸಿತು.

ಹೊರಡಲು ಎರಡು ವಾರ ಇದ್ದಾಗ ಹಡಗಿನ ಕಚೇರಿಯಿಂದ ಕಾಗದ ಬಂತು. "ಕನ್ನಡಕ ಎಲ್ಲಿಟ್ಟೆನೋ, ನೀನೇ ಓದು" ಅಂದ. ನಾನು ಒಂದೊಂದೇ ಸೂಚನೆ ಓದುತ್ತ ಹೋದೆ. ಏಳನೆಯದಕ್ಕೆ ಬಂದಾಗ ಅದನ್ನು ಬಿಟ್ಟು ಎಂಟನೆಯದಕ್ಕೆ ಹಾರಿದೆ.

"ಕಂಡಕ್ಟರ್ ತಾತ, ಏಳನೇದು ಬಿಟ್ಬಿಟ್ರಿ" ಅಂದಳು ಅರ್ಧಟಿಕೆಟ್. ನನ್ನ ಭುಜದ ಮೇಲಿಂದ ಅವಳೂ ಓದುತ್ತಿದ್ದಳು. ಅವಳೇ ಗಟ್ಟಿಯಾಗಿ ಓದಿದಳು: "ಚಾಲಕ ಒಬ್ಬನೇ ವಾಹನವನ್ನು ಹಿಮ್ಮುಖವಾಗಿ ಹಡಗಿನೊಳಗೆ ತರತಕ್ಕದ್ದು. ಉಳಿದವರು ಇಳಿದು ನಡೆದು ಹತ್ತತಕ್ಕದ್ದು."

ಕಾಗದದ ಜೊತೆ ಒಂದು ಚಿತ್ರವೂ ಇತ್ತು. ಹಡಗಿನ ಹೊಟ್ಟೆಯೊಳಗೆ ಗಾಡಿಗಳು ಒತ್ತೊತ್ತಾಗಿ ನಿಂತಿದ್ದವು. ಸರಪಳಿ ಹಿಡಿದ ಆಳುಗಳು ಅವುಗಳ ನಡುವೆ ಬಗ್ಗಿ ಕೆಲಸ ಮಾಡುತ್ತಿದ್ದರು. ಪಕ್ಕದ ಹಳದಿ ಗೆರೆಯ ಮೇಲೆ ಮಕ್ಕಳ ಕೈ ಹಿಡಿದುಕೊಂಡು ಜನ ಒಳಗೆ ನಡೆಯುತ್ತಿದ್ದರು.

ಡ್ರೈವರಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಆಮೇಲೆ, "ರಿವರ್ಸ್ ನಂಗೇನು ಹೊಸದಾ? ಭಾನುವಾರ ಹಳೇ ಡಿಪೋ ಮೈದಾನದಲ್ಲಿ ಒಂದ್ಸಲ ಮಾಡಿ ತೋರಿಸ್ತೀನಿ, ಎಲ್ಲರೂ ಬನ್ನಿ" ಅಂದ. ಅವನ ದನಿಯಲ್ಲಿ ಹಠವಿತ್ತು.

ಲೋಟ ತೊಳೆಯುವ ನೆಪದಲ್ಲಿ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದಳು. ನಲ್ಲಿ ಬಿಟ್ಟುಕೊಂಡು, ಬೆನ್ನು ಹಾಕಿಕೊಂಡೇ ಹೇಳಿದಳು: "ಮೊನ್ನೆ ಇವರು ಚಹಾನ ಲೋಟದ ಪಕ್ಕಕ್ಕೆ ಬಗ್ಗಿಸಿದ್ರು. ನಾನೇನೂ ಕೇಳ್ಲಿಲ್ಲಪ್ಪ. ನೀನು ಪಕ್ಕದಲ್ಲಿ ಇರ್ತೀಯ ಅಂತ ತಾನೇ ಮಗೂನ ಕರ್ಕೊಂಡು ಹೊರಟಿರೋದು? ಇಷ್ಟು ವರ್ಷ ನೀನಿದ್ದೆ, ಏನೂ ಆಗ್ಲಿಲ್ಲ."

ಏನೂ ಆಗಲಿಲ್ಲ. ಒಂದೇ ಸುಳ್ಳನ್ನು ಗಂಡ ಹೆಂಡತಿ ಇಬ್ಬರೂ ತಲೆದಿಂಬು ಮಾಡಿಕೊಂಡು ಮಲಗಿದ್ದರು. ನಾನು ಒರೆಸಿದ ಲೋಟವನ್ನೇ ಮತ್ತೆ ಒರೆಸಿದೆ.

ಭಾನುವಾರ ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿತ್ತು. ಮೈದಾನದಲ್ಲಿ ಎಣ್ಣೆಯ ಪೀಪಾಯಿಗಳನ್ನು ಎರಡು ಸಾಲಾಗಿ ನಿಲ್ಲಿಸಿದೆವು. ಸಾಲುಗಳ ನಡುವೆ ಬಿಟ್ಟದ್ದು ಹಡಗಿಗೆ ಗಾಡಿ ಹತ್ತಿಸುವ ಹಲಗೆಯಷ್ಟೇ ಅಗಲ. ಅತ್ತಿಗೆಯನ್ನೂ ಮಗುವನ್ನೂ ದೂರದ ಗೋಡೆಗೆ ಒರಗಿಸಿ ನಿಲ್ಲಿಸಿ, "ಏನೇ ಆದ್ರೂ ಈ ಗೋಡೆ ಬಿಟ್ಟು ಬರಬೇಡಿ" ಅಂತ ಗದರಿದೆ. ಡ್ರೈವರಣ್ಣ ವ್ಯಾನ್ ಹತ್ತಿ ಕೂಗಿದ: "ವಿಶಲ್ ಊದಿದ್ರೆ ನೋಡು ಮತ್ತೆ! ಹಡಗಲ್ಲಿ ನೀನಿರಲ್ಲ."

"ಊದಲ್ಲ ಅಣ್ಣ" ಅಂದೆ.

ನಾನು ನನ್ನ ಸೈಕಲ್ಲಿನಲ್ಲಿ ಬಂದಿದ್ದೆ. ಕೆಂಪು ಬಣ್ಣದ್ದು, ಡಿಪೋಗೆ ಸೇರಿದಾಗಿನದು. ಅದನ್ನು ತಳ್ಳಿಕೊಂಡು ಹೋಗಿ, ಎರಡು ಸಾಲು ಪೀಪಾಯಿಗಳ ಸರಿಯಾಗಿ ಮಧ್ಯಕ್ಕೆ, ವ್ಯಾನಿನ ಹಿಂದಿನ ಗಾಜಿಗೆ ನೇರವಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಅರ್ಧಟಿಕೆಟ್ ಏನೋ ಕೂಗಲು ಹೊರಟಳು. ಅತ್ತಿಗೆ ನನ್ನ ಮುಖ ನೋಡಿ, ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಳು.

ವ್ಯಾನ್ ಹಿಂದಕ್ಕೆ ಹೊರಟಿತು. ಅವನು ಎಡಗನ್ನಡಿ ನೋಡಿದ, ಬಲಗನ್ನಡಿ ನೋಡಿದ, ತಿರುಗಿ ಹಿಂದಿನ ಗಾಜಿನಲ್ಲೂ ನೋಡಿದ. ಅವನ ಮುಖ ನೇರ ಸೈಕಲ್ಲಿನ ಕಡೆಗೇ ಇತ್ತು. ಎಂಥ ಕೈ ಅವನದು! ಎರಡೂ ಬದಿಯ ಪೀಪಾಯಿಗಳಿಗೆ ಒಂದು ಕೂದಲೂ ಸೋಕದ ಹಾಗೆ, ದಾರ ಹಿಡಿದಷ್ಟು ನೇರವಾಗಿ ಬಂದ. ವಿಶಲ್ ನನ್ನ ಹಲ್ಲುಗಳ ನಡುವೆ ಇತ್ತು. ಇಪ್ಪತ್ತಾರು ವರ್ಷದ ಅಭ್ಯಾಸ ಎದೆಯಿಂದ ಉಸಿರನ್ನು ಮೇಲಕ್ಕೆ ತಳ್ಳುತ್ತಿತ್ತು. ನಿಲ್ಲಿಸು ಅಣ್ಣ, ನೋಡು, ಒಂದು ಸಲ ನೋಡು ಅಂತ ಒಳಗೊಳಗೇ ಬೇಡಿಕೊಂಡೆ. ಅವನು ನೋಡಿಬಿಟ್ಟರೆ ನಾನು ಏನನ್ನೂ ಹೇಳಬೇಕಾಗಿರಲಿಲ್ಲ.

ಕಬ್ಬಿಣ ನುರಿದ ಸದ್ದಾಯಿತು. ವ್ಯಾನ್ ನಿಂತಿತು. ಅವನು ಕಿಟಕಿಯಿಂದ ತಲೆ ಹಾಕಿದ.

"ಏನು ತಾಗಿತು?"

ಅದೇ ಮಾತು, ಅದೇ ದನಿ. ಮೂಟೆ ಅನ್ನುವುದು ನಾಲಿಗೆಯ ತುದಿಗೆ ತಾನಾಗಿಯೇ ಬಂತು. ವಿಶಲ್ ತೆಗೆದು ಜೇಬಿಗೆ ಹಾಕಿಕೊಂಡೆ.

"ಸೈಕಲ್ಲು ಅಣ್ಣ" ಅಂದೆ. "ಅವತ್ತೂ ಸೈಕಲ್ಲೇ. ಇಟ್ಟಿಗೆ ಗೂಡಿನ ಹತ್ರ. ಮೂಟೆ ಅಲ್ಲ."

ಅವನು ಇಂಜಿನ್ ಆರಿಸಿದ. ಇಳಿದು, ವ್ಯಾನಿನ ಮೈ ಸವರಿಕೊಂಡು ಹಿಂದಕ್ಕೆ ಬಂದ. ಕುಕ್ಕರುಗಾಲಲ್ಲಿ ಕೂತು ಚಕ್ರದ ಕೆಳಗೆ ಕೈ ಹಾಕಿ ತಡವಿದ. ಡೊಂಕಾದ ರಿಮ್ಮು, ಹರಿದ ಚೈನು, ಹ್ಯಾಂಡಲ್ಲು. ಬೆರಳು ತಾಗಿ ಗಂಟೆ ಒಮ್ಮೆ ಸಣ್ಣಗೆ ಸದ್ದು ಮಾಡಿತು. ಅವನು ಕೈಯನ್ನು ಅಲ್ಲೇ ಇಟ್ಟುಕೊಂಡ. ಆಮೇಲೆ ನಾನಿದ್ದ ಕಡೆಗಿಂತ ಸ್ವಲ್ಪ ಪಕ್ಕಕ್ಕೆ ಮುಖ ಮಾಡಿ ಕೇಳಿದ.

"ಅವತ್ತು ಅದರ ಮೇಲೆ ಯಾರಾದ್ರೂ ಇದ್ರೇನೋ?"

"ಇದ್ರು."

"ಎದ್ರಾ?"

"ನಾನು ನೋಡ್ಲಿಲ್ಲ ಅಣ್ಣ" ಅಂದೆ. "ಎರಡು ವಿಶಲ್ ಊದಿದೆ. ನೀನು ಹೊರಟೆ."