ಒಂದು ಗಾಜು ಬಾಕಿ

ಕೊಯ್ಲು ಮುಗಿಯುತ್ತ ಬಂದಿತ್ತು. ಊರಾಚೆಯ ಹೊಲದಲ್ಲಿ ಬೆಳಕು ಹರಿಯುವ ಮೊದಲೇ ಕುಡುಗೋಲು ಹಿಡಿದಿದ್ದ ಹತ್ತು ಜನರಲ್ಲಿ ನಾಲ್ವರು ಈಗ ಗುದ್ದಲಿ ಹಿಡಿದು ಗುಂಡಿ ತೋಡಲು ಹೋಗಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಮನೆಯಲ್ಲಿ, ಜಗಲಿಯ ಬಿಸಿಲಿಗೆ ಸರಿದು ಕುಳಿತ ಟೈಲರಮ್ಮ ಐದನೆಯ ಸಲ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಸೂಜಿಯ ಹತ್ತಿರ ಒಯ್ದಳು. ದಾರ ಸೂಜಿಯ ಪಕ್ಕದಿಂದ ಹಾದುಹೋಯಿತು.

ಅವಳ ಮಡಿಲಲ್ಲಿ ಬಿಳಿ ಬಟ್ಟೆಯ ರಾಶಿಯಿತ್ತು. ಒಳಗೆ ಚಾಪೆಯ ಮೇಲೆ ಮಲಗಿಸಿದ್ದ ಅಂಗಡಿಯ ಯಜಮಾನ ಗಾಜಣ್ಣನಿಗೆ ಹೊದಿಸಬೇಕಾದ ಬಟ್ಟೆ.

"ಕೊಡಿ ಇಲ್ಲಿ, ನಾನು ಪೋಣಿಸಿ ಕೊಡ್ತೀನಿ," ಎಂದ ಭಾವಮೈದುನ. ಗಾಜಣ್ಣನ ಹೆಂಡತಿಯ ತಮ್ಮ. ನಿನ್ನೆ ಸುದ್ದಿ ಕೇಳಿ ಹೊಲದಿಂದ ಹಾಗೇ ಓಡಿ ಬಂದಿದ್ದ.

"ನೀನು ಪೋಣಿಸ್ತೀಯ. ಆಮೇಲೆ ಹೊಲಿಗೆ ಯಾರು ನೋಡ್ತಾರೆ, ನಿಮ್ಮಪ್ಪ?"

"ಅಂಚು ಹೊಲಿದಿರೋ ಬಟ್ಟೆ ಅಂಗಡೀಲೇ ಸಿಗುತ್ತಲ್ಲ ಟೈಲರಮ್ಮ. ಮೂರು ಗಂಟೆಗೆ ಎತ್ತಬೇಕು."

"ಇಪ್ಪತ್ತೆಂಟು ವರ್ಷ ನನ್ನ ಕಣ್ಣು ಕಾದೋನು. ಅವನಿಗೆ ಅಂಗಡಿ ಹೊಲಿಗೆ ಹಾಕ್ಲಾ? ಮಿಷಿನ್ ಹೊಲಿಗೇನೂ ಹಾಕಲ್ಲ ನಾನು. ಕೈಹೊಲಿಗೆ." ಟೈಲರಮ್ಮ ಸೂಜಿಯನ್ನು ಮತ್ತೆ ಬಿಸಿಲಿಗೆ ಹಿಡಿದಳು. "ಗುರುವಾರ ಕನ್ನಡಕ ಕೊಡ್ತೀನಿ ಅಂದಿದ್ದ. ಇವತ್ತು ಗುರುವಾರ. ಒಂದು ದಿನಾನಾದ್ರೂ ಹೇಳಿದ ವಾಯಿದೆ ತಪ್ಪಿಸಿದ್ದಾನಾ ಅವನು?"



"ಹಳೇ ಕನ್ನಡಕ ಏನಾಯ್ತು?" ಎಂದು ಕೇಳಿದ್ದು ಗೋಡೆಗೆ ಒರಗಿ ನಿಂತಿದ್ದ ಬಸ್ಸಿನ ಡ್ರೈವರ್.

"ಅದರ ಮೇಲೆ ಕೂತೆ."

ಡ್ರೈವರ್ ನಗು ತಡೆಯಲು ಕೆಮ್ಮಿದ. ಆಮೇಲೆ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. "ಇದೂ ಅವನದೇ. ಇದಿಲ್ಲದೆ ಹೋಗಿದ್ರೆ ಇಷ್ಟೊತ್ತಿಗೆ ನಿಮ್ಮನ್ನೆಲ್ಲ ಯಾವ ಕೆರೆಗೆ ಇಳಿಸ್ತಿದ್ದೆನೋ," ಎಂದ. ಒರೆಸುವುದು ಮುಗಿದ ಮೇಲೂ ಒರೆಸುತ್ತಲೇ ಇದ್ದ.

ಗಾಜಣ್ಣನ ಹೆಂಡತಿ ಅಂಗಡಿಯ ಬಾಗಿಲಿನಿಂದ ಹೊರಗೆ ಬಂದಳು. ಒಂದು ಕೈಯಲ್ಲಿ ಕನ್ನಡಕದ ಫ್ರೇಮು, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ದುಂಡನೆಯ ಗಾಜು. ನಿನ್ನೆ ಮಧ್ಯಾಹ್ನ ಮೇಜಿನ ಮೇಲೆ ತಲೆ ಇಟ್ಟು ಮಲಗಿದವನನ್ನು ಎಬ್ಬಿಸಲು ಹೋದಾಗ ಅವೆರಡೂ ಅವನ ಮೊಣಕೈಯ ಹತ್ತಿರ ಇದ್ದವು.

"ಎಡಗಣ್ಣಿಂದು ಕೂರಿಸಿದಾರೆ. ಬಲಗಣ್ಣಿನ ಗಾಜು ನಂಬರಿಗೆ ಉಜ್ಜಿ ಆಗಿದೆ, ಫ್ರೇಮಿನ ಆಕಾರಕ್ಕೆ ಕತ್ತರಿಸೋದೊಂದು ಉಳಿದಿದೆ," ಎಂದಳು. ಆಮೇಲೆ ಒಳಬಾಗಿಲ ಕಡೆ ತಿರುಗಿ, "ಮೈನಸ್ಸೂ, ನಿನ್ನ ಕೈಲಾಗುತ್ತಾ?" ಎಂದು ಕೇಳಿದಳು.

ಎಲ್ಲರೂ ಒಳಗೆ ನೋಡಿದರು. ಬೆಳಗಿನ ಬಸ್ಸಿಗೆ ಬಂದು, ಆಗಿನಿಂದ ಚಾಪೆಯ ಪಕ್ಕ ಬಿಟ್ಟು ಏಳದ ನಲವತ್ತರ ಹೆಂಗಸು ಎದ್ದು ನಿಂತಳು.

"ಅಮ್ಮ, ನಾನು ಮೂರು ಗಾಜು ಒಡೆದೋಳು."

"ಗೊತ್ತು. ಆ ಚೂರು ಇನ್ನೂ ಡಬ್ಬೀಲಿ ಇಟ್ಟಿದಾರೆ. ನೋಡು, ಈ ನಂಬರಿಂದು ಇದೊಂದೇ ಇರೋದು."

* * *

ಇಪ್ಪತ್ತು ವರ್ಷದ ಹಿಂದೆ ಅವಳು ಆ ಅಂಗಡಿಗೆ ಬಂದದ್ದು ತನ್ನ ಕನ್ನಡಕದ ಮುರಿದ ಕಡ್ಡಿ ಹಾಕಿಸಲು. ಇಂಜಿನಿಯರಿಂಗ್ ಓದುತ್ತಿದ್ದಳು. ಭೌತಶಾಸ್ತ್ರದಲ್ಲಿ ಎರಡು ಸಲ ಫೇಲಾಗಿತ್ತು. ಮೂರನೆಯ ಸಲವೂ ಹೋದರೆ ಕಾಲೇಜು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕಡ್ಡಿ ಕೂರುವ ತನಕ ಮೇಜಿನ ಮೂಲೆಯಲ್ಲಿ ನೋಟ್‌ಬುಕ್ ಬಿಚ್ಚಿದಳು. ಮೇಜಿನ ಹಲಗೆಯಲ್ಲಿ ಎರಡು ಸೀಳು ಇದ್ದವು. ಒಂದರಲ್ಲಿ ಪೆನ್ಸಿಲ್ಲು, ಇನ್ನೊಂದರಲ್ಲಿ ಪೆನ್ನು ನಿಲ್ಲಿಸಿಕೊಂಡಳು. ಗಾಜಣ್ಣ ಅದನ್ನು ನೋಡಿ ಮೀಸೆಯಲ್ಲೇ ನಕ್ಕ.

"ಏನಮ್ಮ ಅದು, ಆಗಿಂದ ಬರೀತೀಯ, ಹೊಡೆದು ಹಾಕ್ತೀಯ?"

"ಮಸೂರದ ಲೆಕ್ಕ. ಗಾಜಿಂದು."

"ಗಾಜಿಗೆ ಲೆಕ್ಕ ಬೇರೆ ಇದೆಯಾ? ಓದು, ಕೇಳೋಣ."

ಅವಳು ಓದಿದಳು. ಹತ್ತು ಸೆಂಟಿಮೀಟರ್ ಸಂಗಮದೂರದ ಪೀನ ಮಸೂರ. ಅದರಿಂದ ಹದಿನೈದು ಸೆಂಟಿಮೀಟರ್ ದೂರಕ್ಕೆ ಒಂದು ಮೇಣದಬತ್ತಿ. ಬಿಂಬ ಎಲ್ಲಿ ಮೂಡುತ್ತದೆ?

"ನಿನಗೆ ಎಷ್ಟು ಬಂತು?"

"ಆರು."

ಗಾಜಣ್ಣ ಎದ್ದು ಅಂಗಡಿಯ ಬಾಗಿಲು ಮುಕ್ಕಾಲು ಮುಚ್ಚಿದ. ಡ್ರಾಯರಿನಿಂದ ಒಂದು ಉಬ್ಬುಗಾಜು ಹುಡುಕಿ ತೆಗೆದ. ಮೇಣದಬತ್ತಿ ಹಚ್ಚಿ ಟೇಪು ಹಿಡಿದು ಹದಿನೈದಕ್ಕೆ ಇಟ್ಟ. ಗಾಜಿನ ಆಚೆ ಒಂದು ಬಿಳಿ ಕಾಗದ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿದ. ಕಾಗದದ ಮೇಲೆ ಮೊದಲು ಬರೀ ಮಸುಕು ಬೆಳಕು. ಆಮೇಲೆ ಅದು ಒಟ್ಟುಗೂಡಿ ದೊಡ್ಡ ಜ್ವಾಲೆಯಾಯಿತು, ತಲೆಕೆಳಗಾಗಿ ನಡುಗುತ್ತ.

"ಟೇಪು ನೋಡು."

"ಮೂವತ್ತು," ಎಂದಳು ಅವಳು.

"ನೀನು ಆರು ಅಂತೀಯ. ಗಾಜು ಮೂವತ್ತು ಅನ್ನುತ್ತೆ. ನಿನ್ನ ಹತ್ರ ಸುಳ್ಳು ಹೇಳಿ ಗಾಜಿಗೆ ಆಗಬೇಕಾದ್ದೇನು?" ಬತ್ತಿ ಆರಿಸದೆ ಅವನು ಮತ್ತೆ ಕುಳಿತ. "ನೀನು ಎಲ್ಲಿ ನಿಂತು ನೋಡ್ತಿದ್ದೀಯ, ಮೊದಲು ಅದನ್ನ ಹೇಳು. ಬತ್ತಿ ಗಾಜಿನ ಈ ಕಡೆ. ಚಿತ್ರ ಬಂದಿದ್ದು ಆ ಕಡೆ. ನಿನ್ನ ಲೆಕ್ಕದಲ್ಲಿ ಈ ಕಡೆಗೂ ಆ ಕಡೆಗೂ ವ್ಯತ್ಯಾಸಾನೇ ಇಲ್ವಾ?"

ಅವಳು ನೋಟ್‌ಬುಕ್ಕಿನತ್ತ ನೋಡಿದಳು. ಬತ್ತಿಯ ದೂರದ ಹಿಂದೆ ಹಾಕಬೇಕಾದ ಮೈನಸ್ಸು ಬಿಟ್ಟುಹೋಗಿತ್ತು. ಎರಡು ವರ್ಷದಿಂದ ಬಿಟ್ಟುಹೋಗುತ್ತಿದ್ದದ್ದು ಅದೇ. ಅದನ್ನು ಹೇಗೆ ಹಾಕಬೇಕೆಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಯಾಕೆಂದು ತಿಳಿದದ್ದು ಆ ಮಧ್ಯಾಹ್ನ.

ಆಮೇಲೆ ಪ್ರತಿ ಶನಿವಾರ ಬಂದಳು. ಒಂದು ಸೂತ್ರವನ್ನೂ ಓದಲು ಬಾರದ ಅವನು ಅವಳ ಒಂದೊಂದು ಉತ್ತರವನ್ನೂ ಗಾಜು ಹಿಡಿದು ವಿಚಾರಿಸಿದ. ಅವಳು ಮೇಷ್ಟ್ರೇ ಎಂದರೆ ಸುತ್ತ ನೋಡಿ, "ಮೆಲ್ಲಗೆ ಅನ್ನು ಮಾರಾಯ್ತಿ. ಏಳನೇ ಕ್ಲಾಸು ದಾಟದವನು ನಾನು. ನಿಜವಾದ ಮೇಷ್ಟ್ರುಗಳು ಕೇಳಿಸ್ಕೊಂಡ್ರೆ ಕೇಸು ಹಾಕ್ತಾರೆ," ಎನ್ನುತ್ತಿದ್ದ. ಅವಳಿಗೆ ಮೈನಸ್ಸು ಎಂದು ಹೆಸರಿಟ್ಟ.

ಪಾಸಾದ ದಿನ ಅವಳು ಏನು ಕೊಡಲಿ ಎಂದು ಕೇಳಿದಳು.

"ಒಂದು ಗಾಜು. ನಿನ್ನ ಕೈಯಾರೆ ಸವೆಸಿ ಫ್ರೇಮಿಗೆ ಕೂರಿಸಿ ಕೊಡು."

ಮೊದಲನೆಯದು ಸಾಣೆಯ ಚಕ್ರಕ್ಕೆ ತಾಗುತ್ತಲೇ ಸಿಡಿಯಿತು. ಎರಡನೆಯದು ಅರ್ಧ ಸುತ್ತಿಗೆ. ಮೂರನೆಯದು ಇನ್ನೇನು ಮುಗಿಯಿತೆನ್ನುವಾಗ. "ಒತ್ತಬೇಡ. ಕಲ್ಲು ಎಷ್ಟು ತಿನ್ನುತ್ತೋ ಅಷ್ಟೇ ತಿನ್ನಲಿ. ನಿನಗೇನು ಬಸ್ಸು ಹೊರಡ್ತಾ ಇದೆಯಾ?"

"ಹೌದು ಮೇಷ್ಟ್ರೇ. ಐದು ಗಂಟೇದು."

"ಹಾಗಾದ್ರೆ ಓಡು. ಒಂದು ಗಾಜು ಬಾಕಿ."

ಈಗ ಅವಳು ಸೂಕ್ಷ್ಮದರ್ಶಕ ತಯಾರಿಸುವ ಕಾರ್ಖಾನೆಯಲ್ಲಿ ಮಸೂರಗಳ ನಕ್ಷೆ ಬರೆಯುತ್ತಾಳೆ. ಮಸೂರ ಉಜ್ಜುವುದು ಯಂತ್ರ. ಫೋನು ಮಾಡಿದಾಗಲೆಲ್ಲ ಗಾಜಣ್ಣ ಎಲ್ಲ ಕೇಳಿಸಿಕೊಂಡು, ಇಡುವ ಮುಂಚೆ ಒಂದು ಮಾತು ಹೇಳುತ್ತಿದ್ದ: "ಬಾಕಿ ಹಾಗೇ ಇದೆ, ಮರೀಬೇಡ."

* * *

ಅಂಗಡಿಯಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಕಾಲಲ್ಲಿ ತುಳಿಯುವ ಚಕ್ರ, ಅದರ ಮೇಲೆ ನೀರಿನ ತಗಡಿನ ಡಬ್ಬ, ಗೋಡೆಯಲ್ಲಿ ಕಣ್ಣಿನ ಡಾಕ್ಟರ ಚೀಟಿಗಳನ್ನು ಚುಚ್ಚಿಟ್ಟ ತಂತಿ. ಮೇಲಿನ ಚೀಟಿ ಟೈಲರಮ್ಮನದು. ಅವಳ ಬಲಗಣ್ಣಿಗೆ ಎಲ್ಲ ಕಡೆ ಒಂದೇ ಸಮ ಇರುವ ಗಾಜು ಸಾಲದು. ಒಂದು ಓರೆಗೆ ಬೇರೆ ಪವರ್ ಬೇಕು. ಆ ಓರೆ ಎಷ್ಟೆಂದು ಚೀಟಿಯಲ್ಲಿತ್ತು: ಮೂವತ್ತು ಡಿಗ್ರಿ. ಗಾಜಣ್ಣ ದುಂಡು ಗಾಜಿನ ಮೇಲೆ ಶಾಯಿಯಲ್ಲಿ ಆ ಓರೆಯ ಗೆರೆ ಎಳೆದಿಟ್ಟಿದ್ದ. ಗೆರೆ ತಪ್ಪಿ ಕೂತರೆ ಗಾಜು ಇದ್ದೂ ಇಲ್ಲದಂತೆ.

ಮೈನಸ್ಸು ಫ್ರೇಮನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಕಡ್ಡಿಗಳು ಮೇಲೆ ಚಾಚಿಕೊಂಡವು. ಹಾಗಲ್ಲದೆ ಅದು ಸಮನಾಗಿ ಕೂರುವುದಿಲ್ಲ. ಡಿಗ್ರಿ ಹಾಕಿದ ರಟ್ಟಿನ ಮೇಲೆ ಗಾಜನ್ನೂ ಹಾಗೇ ಕವುಚಿ, ಗೆರೆಯನ್ನು ಮೂವತ್ತಕ್ಕೆ ತಿರುಗಿಸಿ, ಖಾಲಿ ಕಣ್ಣಿನ ಆಕಾರವನ್ನು ಮೇಣದ ಪೆನ್ಸಿಲ್ಲಿನಲ್ಲಿ ಬಿಡಿಸಿದಳು. ಇಕ್ಕಳ ತೆಗೆದುಕೊಳ್ಳಲು ಕೈ ಬಿಡುವಾಗ, ಪೆನ್ಸಿಲ್ಲು ತಾನಾಗಿ ಮೇಜಿನ ಸೀಳಿಗೆ ಹೋಯಿತು.

ಹೋಗಿ, ವಾಲಿಕೊಂಡಿತು. ಯಾವಾಗಲೂ ಹಾಗೇ ವಾಲುತ್ತಿತ್ತು. ಪೆನ್ಸಿಲ್ಲಿಗೆ ಆ ಸೀಳು ಅಗಲ ಜಾಸ್ತಿ.

ಅವಳು ಸೀಳಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಸವೆದು ನುಣುಪಾಗಿತ್ತು. ಇನ್ನೊಂದೂ ಹಾಗೇ. ಎರಡರ ನಡುವೆ ಒಂದು ಗೇಣಿಗಿಂತ ಕಡಿಮೆ, ಸುಮಾರು ಒಂದು ಮುಖದ ಅಗಲ.

ಫ್ರೇಮನ್ನು ಎತ್ತಿ ಮಗುಚಿದಳು. ಎರಡು ಕಡ್ಡಿಗಳೂ ಸೀಳುಗಳಲ್ಲಿ ಬುಡದವರೆಗೆ ಇಳಿದವು. ಕನ್ನಡಕ ಮೇಜಿನ ಮೇಲೆ ಅಂಗಾತ ಕೂತು, ಹಲಗೆಯೊಳಗಿಂದ ಯಾರೋ ನೋಡುವಂತೆ ಅವಳನ್ನೇ ನೋಡಿತು.

ಡಾಕ್ಟರು ರೋಗಿಯ ಎದುರಿಗೆ ಕೂರುತ್ತಾರೆ. ಮೂವತ್ತು ಎಂದು ಬರೆದದ್ದು ಅಲ್ಲಿಂದ ಕಂಡದ್ದು. ಕವುಚಿಟ್ಟು ನೋಡಿದರೆ ಗೆರೆ ಇನ್ನೊಂದು ಕಡೆಗೆ ವಾಲುತ್ತದೆ. ಅವಳು ಟೈಲರಮ್ಮನ ಕಣ್ಣಿನ ಹಿಂದೆ ನಿಂತು ಲೆಕ್ಕ ಹಾಕಿದ್ದಳು.

"ಅವರು ಯಾವಾಗ್ಲೂ ಹಾಗೇ ಇಡ್ತಿದ್ದಿದ್ದು," ಎಂದಳು ನೀರಿನ ಚೊಂಬು ಹಿಡಿದು ನಿಂತಿದ್ದ ಗಾಜಣ್ಣನ ಹೆಂಡತಿ.

"ಮೊದಲೇ ಹೇಳಬಾರದಿತ್ತಾ ಅಮ್ಮ?"

"ನೀನು ಇಂಜಿನಿಯರು. ನಿನಗೆ ನಾನು ಹೇಳೋದಾ ಅಂತ ಸುಮ್ಮನಿದ್ದೆ."

ಅವಳಿಗೆ ನಗು ಬಂತು. ಅದರ ಹಿಂದೆಯೇ, ಬೆಳಗಿನಿಂದ ಬಾರದಿದ್ದ ಅಳು ಬಂತು. ಮೊದಲು ಬಿಡಿಸಿದ್ದನ್ನು ಸೆರಗಿನಿಂದ ಒರೆಸಿ ಗಾಜು ಮಗುಚಿ, ಮತ್ತೆ ಬಿಡಿಸಿದಳು.

ಇಕ್ಕಳದಿಂದ ಹೊರಗಿನ ಅಂಚನ್ನು ಚೂರು ಚೂರೇ ಮುರಿದಳು. ಚಕ್ರ ತುಳಿದಳು. ತಗಡಿನ ಡಬ್ಬ ತೂತಾಗಿ ವರ್ಷಗಳಾಗಿದ್ದವು. ಗಾಜಣ್ಣನ ಹೆಂಡತಿ ಎಂದಿನಂತೆ ಚೊಂಬಿನಿಂದಲೇ ಕಲ್ಲಿಗೆ ನೀರು ಬಿಟ್ಟಳು. ಬೆರಳುಗಳ ನಡುವೆ ಬಿಳಿ ಕೆಸರು ಇಳಿಯಿತು.

ಭಾವಮೈದುನ ಬಾಗಿಲಿಗೆ ಬಂದ. "ಎರಡು ಗಂಟೆ ಆಯ್ತಕ್ಕ. ಗುಂಡಿ ಆಗಿದೆಯಂತೆ. ಸ್ವಲ್ಪ ಬೇಗ..."

ಗಾಜು ಹಿಡಿದಿದ್ದ ಅವಳ ಕೈ ಒತ್ತಲು ಹೊರಟದ್ದು ಅವಳಿಗೇ ತಿಳಿಯಿತು. ಸಡಿಲ ಬಿಟ್ಟಳು.

"ನನಗೇನೂ ಬಸ್ಸಿಲ್ಲ," ಎಂದಳು, ತಲೆ ಎತ್ತದೆ.

ಅವನಿಗೆ ಏನೂ ಅರ್ಥವಾಗಲಿಲ್ಲ. ಅಕ್ಕನ ಮುಖ ನೋಡಿ ಹಿಂದಕ್ಕೆ ಸರಿದ.

ಗಾಜು ಫ್ರೇಮಿನೊಳಗೆ ಕೂತಾಗ ಸಣ್ಣಗೆ ಟಕ್ ಎಂದಿತು. ಗಾಜಣ್ಣನ ಹೆಂಡತಿ ಮೇಜಿನ ಮೇಲಿನ ಚೂರುಗಳನ್ನು ಗುಡಿಸಿ ಮೊರಕ್ಕೆ ತುಂಬಿದಳು. "ಈ ಸಲ ಡಬ್ಬಿಗೆ ಹಾಕೋದೇನಿಲ್ಲ," ಎಂದಳು.

* * *

ಟೈಲರಮ್ಮ ಕನ್ನಡಕ ಹಾಕಿಕೊಂಡು ಮೊದಲು ತನ್ನ ಅಂಗೈ ನೋಡಿದಳು. ಆಮೇಲೆ ಬಟ್ಟೆಯ ಎಳೆಗಳನ್ನು. ಆಮೇಲೆ ಎದುರಿಗೆ ಬಗ್ಗಿ ನಿಂತಿದ್ದ ಭಾವಮೈದುನನನ್ನು.

"ಥೂ, ತಲೆ ತುಂಬ ಹೊಲದ ಹೊಟ್ಟು ಇಟ್ಕೊಂಡು ಹೆಗಲು ಕೊಡೋಕೆ ನಿಂತಿದ್ದೀಯಲ್ಲೋ. ಹೋಗು, ಬಾಚ್ಕೊಂಡು ಬಾ. ಅಷ್ಟರಲ್ಲಿ ನಂದಾಗುತ್ತೆ."

ಸೂಜಿಯನ್ನು ಎತ್ತಿದಳು. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು.

ಡ್ರೈವರ್ ಉಸಿರು ಬಿಟ್ಟ.

ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿಯಲು ಮೈನಸ್ಸು ಎದುರಿಗೆ ಕುಳಿತಳು. ಅವಸರದಲ್ಲಿ ಕೈ ತೊಳೆದಿರಲಿಲ್ಲ. ಬೆರಳ ಸಂದಿಯಲ್ಲಿ ಒಣಗಿದ್ದ ಗಾಜಿನ ಪುಡಿ ಅಂಚಿನ ಮೇಲೆ ಉದುರಿತು. ಬಿಳಿಯ ಮೇಲೆ ಬಿಳಿ. ಬೇರೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಟೈಲರಮ್ಮನ ಕೈ ಮಾತ್ರ ನಿಂತಿತು.

"ಏನೇ ಇದು, ಮಿನುಗ್ತಾ ಇದೆ?"

"ಗಾಜಿನ ಪುಡಿ. ತಾಳಿ, ಕೊಡವಿಬಿಡ್ತೀನಿ."

ಟೈಲರಮ್ಮ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದಳು. ಪುಡಿ ಚೆಲ್ಲದಂತೆ ಬಟ್ಟೆಯ ಅಂಚನ್ನು ಅದರ ಮೇಲೆ ಮಡಿಸಿ, ಉಗುರಿನಿಂದ ಒಮ್ಮೆ ಒತ್ತಿ ನೀವಿ, ಅಲ್ಲಿಂದಲೇ ಮೊದಲ ಹೊಲಿಗೆ ಹಾಕಿದಳು.