ಬೈಂದೂರಿನಿಂದ ವಾಪಸು

ನಮ್ಮದು ರೇಷ್ಮೆ ಬೆಳೆ. ಕುಂದಾಣದ ಪಕ್ಕ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ, ಆಳು ಕಾಳು ಎಲ್ಲಾ ನಾನು ಮತ್ತು ನನ್ನ ಹೆಂಡತಿ ಅರ್ಪಿತ. ಹುಳ ಇದ್ದಾಗ ನೆಂಟರ ಮದುವೆಗೂ ಇಬ್ಬರೂ ಒಟ್ಟಿಗೆ ಹೋದವರಲ್ಲ. ಒಂದು ಬೆಳೆ ಮುಗಿದ ಮೇಲೆ ಹುಳದ ಮನೆ ತೊಳೆದು, ಔಷಧಿ ಹೊಡೆದು, ಬಾಗಿಲು ಮುಚ್ಚಿಡುವ ಹತ್ತು ಹನ್ನೆರಡು ದಿನವೇ ನಮಗೆ ರಜೆ.

ಅಂಥ ಒಂದು ರಜೆಯಲ್ಲಿ ಕುಂದಾಪುರದಿಂದ ಗೋಕರ್ಣದವರೆಗೆ ಸಮುದ್ರದ ಪಕ್ಕದಲ್ಲೇ ಸೈಕಲ್ಲಿನಲ್ಲಿ ಹೋಗಬೇಕು ಎಂಬುದು ಅರ್ಪಿತಳ ಆಸೆ. ಏಳು ದಿನ, ಅವಸರ ಕೂಡದು ಎಂದು ಅವಳದೇ ಕಾನೂನು. ಮೂರು ವರ್ಷ ಏನೇನೋ ನೆಪ ಹೇಳಿ ಸಾಗಹಾಕಿದೆ. ಹೋದ ಡಿಸೆಂಬರಿನಲ್ಲಿ ನೆಪಗಳು ಮುಗಿದುಹೋಗಿ ಒಪ್ಪಿಕೊಂಡೆ.

ತಪ್ಪು ನಡೆದದ್ದು ಹೊರಡುವ ಮೊದಲೇ. ಪಕ್ಕದ ವಿಜಯಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಬರುವ ದಾರಿಯಲ್ಲೇ ಮುಂದಿನ ಬೆಳೆಗೆ ಮರಿಹುಳಕ್ಕೆ ಹೇಳಿ ಬರುವುದು ನಮ್ಮ ಕಡೆ ರೂಢಿ. ಕಾಲು ತಾನಾಗಿ ಅತ್ತ ತಿರುಗುತ್ತದೆ. ನಾನೂ ಮರಿ ಸಾಕಿಕೊಡುವ ಚಿಕ್ಕವೆಂಕಟಪ್ಪನ ಬಳಿ ನಿಂತು, ಹನ್ನೆರಡನೇ ದಿನಕ್ಕೆ ಕೊಡು ಎಂದು ಹೇಳಿ ಬಂದೆ. ಆಮೇಲೆ ನೋಡಿದರೆ ರೈಲಿನಲ್ಲಿ ಜಾಗ ಸಿಕ್ಕಿದ್ದು ಆರನೇ ದಿನಕ್ಕೆ. ಏಳು ದಿನ ಸುತ್ತಿದರೆ ಹುಳ ನಮಗಿಂತ ಮೊದಲೇ ಮನೆಗೆ ಬರುತ್ತದೆ. ಗೊತ್ತಿದ್ದೂ ಅರ್ಪಿತಳಿಗೆ ಹೇಳಲಿಲ್ಲ. ಹೇಗೋ ಆಗುತ್ತದೆ ಬಿಡು ಅಂದುಕೊಂಡೆ. ನನ್ನ ಬಾಳಿನ ಅರ್ಧ ಕೆಲಸ ಹೀಗೆಯೇ ಕೆಟ್ಟಿರುವುದು.

ಮೊದಲ ದಿನ ಹತ್ತು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು. ಮೀನು ಒಣಗಿಸುವ ಹೆಂಗಸರನ್ನು ಕಂಡಲ್ಲೆಲ್ಲ ಅರ್ಪಿತ ಸೈಕಲ್ ನಿಲ್ಲಿಸಿ, ಎಷ್ಟು ಬಿಸಿಲು ಬೇಕು, ಇಬ್ಬನಿ ಬಿದ್ದರೆ ಏನು ಮಾಡುತ್ತೀರಿ ಎಂದು ವಿಚಾರಿಸುವಳು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಎರಡರ ನಡುವೆ ಅವಳು ಹ್ಯಾಂಡಲ್ ಬಿಟ್ಟು ಹತ್ತು ಮಾರು ಓಡಿಸಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳಿಗೆ ಅದು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬೈಂದೂರಿನ ದಡದಲ್ಲಿ ಕೂತಿದ್ದಾಗ ಚಿಕ್ಕವೆಂಕಟಪ್ಪನ ಫೋನು ಬಂತು. ಇನ್ನು ಮೂರು ದಿನಕ್ಕೆ ಹುಳ ಕಳಿಸುತ್ತೇನೆ, ಮನೆ ಸಿದ್ಧವಿದೆಯೇ ಎಂದು ಕೇಳಿದ. ಎರಡು ದಿನ ತಡೆಯಲು ಆಗುತ್ತದೆಯೇ ಎಂದೆ. ಹುಳ ತಡೆಯುತ್ತದೇನಪ್ಪಾ ಎಂದು ನಕ್ಕ. ಬೇಡವಾದರೆ ಬೇರೆಯವರಿಗೆ ಕೊಡುತ್ತೇನೆ, ಆದರೆ ನಿನ್ನ ಸರದಿ ಮತ್ತೆ ಬರಲು ಇಪ್ಪತ್ತು ದಿನವಾಗುತ್ತದೆ ಎಂದ. ಅರ್ಪಿತ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳು.

"ಹುಳಕ್ಕೆ ಯಾವಾಗ ಹೇಳಿದ್ರಿ?" ಎಂದಳು.

ಹೇಳಿದೆ.

"ಬೇರೆಯವ್ರಿಗೇ ಕೊಡ್ಲಿ ಬಿಡ್ರಿ. ಒಂದು ಬೆಳೆ ತಡವಾದ್ರೆ ಏನಾಗ್ಬಿಡತ್ತೆ?" ಎಂದಳು.

ಏನೂ ಆಗುತ್ತಿರಲಿಲ್ಲ. ಈಗ ಗೊತ್ತು, ಆಗಲೂ ಗೊತ್ತಿತ್ತು. ಆದರೆ ತೋಟದಲ್ಲಿ ಸೊಪ್ಪು ನಿಂತು ಬಲಿಯುವುದು ಕಣ್ಣಿಗೆ ಕಟ್ಟಿದಂತಾಗಿ, ಬೆಳೆ ಬಿಟ್ಟು ಊರು ಸುತ್ತಿದ ಎಂದು ನಾಲ್ಕು ಜನ ಆಡಿಕೊಳ್ಳುವುದು ಕಿವಿಗೆ ಬಿದ್ದಂತಾಗಿ, "ಸಮುದ್ರ ಎಲ್ಲಿಗೂ ಓಡೋಗಲ್ಲ, ಮುಂದಿನ ವರ್ಷ ಬರಾಣ" ಎಂದುಬಿಟ್ಟೆ. ಅವಳು ಜಗಳ ಆಡಲಿಲ್ಲ. ಎದ್ದು ಸೀರೆಯ ಮರಳು ಕೊಡವಿಕೊಂಡು ಸೈಕಲ್ಲನ್ನು ಸ್ಟೇಷನ್ ಕಡೆ ತಿರುಗಿಸಿದಳು.

ಆ ಬೆಳೆ ಚೆನ್ನಾಗಿಯೇ ಬಂತು. ಕೆಟ್ಟುಹೋಗಿದ್ದರೆ, ನೋಡು ನನಗೆ ಆಗಬೇಕಾದದ್ದೇ ಆಯಿತು ಎಂದು ಅವಳ ಮುಂದೆ ಸ್ವಲ್ಪ ಹಗುರವಾಗುತ್ತಿದ್ದೆ. ಅದೂ ಆಗಲಿಲ್ಲ.

ಈ ಡಿಸೆಂಬರಿನಲ್ಲಿ ಗೂಡು ಮಾರಿದವನು ಎಲ್ಲೂ ನಿಲ್ಲದೆ ನೇರ ಮನೆಗೆ ಬಂದೆ. ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗು. ಅರ್ಪಿತ ಹುಳದ ಮನೆಯ ತಟ್ಟೆಗಳನ್ನು ತೊಳೆಯುತ್ತಿದ್ದಳು. ಈ ಸಲ ಹುಳಕ್ಕೆ ಹೇಳಿಲ್ಲ, ಗೋಕರ್ಣದವರೆಗೂ ಹೋಗೋಣ, ಹತ್ತು ದಿನವಾದರೂ ಸರಿ ಎಂದೆ.

"ಬೆಳಗ್ಗೆ ನಾನೇ ಫೋನ್ ಮಾಡಿ ಹೇಳ್ಬಿಟ್ಟೆ ಕಣ್ರಿ. ಮುಂದಿನ ಗುರುವಾರ ಬರ್ತವೆ" ಎಂದಳು.

ಬೇಡ ಅನ್ನೋಣ, ಬೇರೆಯವರಿಗೆ ಕೊಡಲಿ ಎಂದು ಗೋಗರೆದೆ. ಅವಳ ಮುಖದಲ್ಲಿ ಸಿಟ್ಟಿಗಾಗಿ ಹುಡುಕಿದೆ; ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಕಾಲು ಹಿಡಿದಾದರೂ ಒಪ್ಪಿಸುತ್ತಿದ್ದೆ.

"ಯಾಕ್ರಿ ಸುಮ್ನೆ," ಎಂದು ಅವಳು ಇನ್ನೊಂದು ತಟ್ಟೆ ಎತ್ತಿಕೊಂಡಳು. "ನನಗೀಗ ಹೋಗ್ಬೇಕು ಅಂತಾನೇ ಅನ್ಸಲ್ಲ."